ಸ್ಟಾಲ್ ಎಷ್ಟು ಅಂತ ಕೇಳುವ ಮೊದಲು: ಡ್ರ್ಯಾಗ್ ಗಾಡಿಯ ಕನ್ವರ್ಟರ್ ಮತ್ತು ಗೇರ್ ಲೆಕ್ಕ

ಆಟೊಮ್ಯಾಟಿಕ್ ಗೇರ್ ಬಾಕ್ಸ್ ಕೂರಿಸಿ ಡ್ರ್ಯಾಗ್ ಗಾಡಿ (ನಿಂತಲ್ಲಿಂದ ಚಿಮ್ಮಿ 402 ಮೀಟರ್ ನೇರ ಓಡುವ ರೇಸಿನ ಗಾಡಿ) ಕಟ್ಟಬೇಕು ಅನ್ನುವ ಹುಡುಗರು ಈಗ ನಮ್ಮ ಹೊಸೂರಿನ ಕಡೆಯೂ ಅಲ್ಲಲ್ಲಿ ಸಿಗುತ್ತಾರೆ. ಎಂಜಿನ್‌ಗೂ ಗೇರ್ ಬಾಕ್ಸಿಗೂ ನಡುವೆ ಎಣ್ಣೆಯ ಮೂಲಕ ಬಲ ದಾಟಿಸುವ ಡಬ್ಬ, ಅಂದರೆ ಟಾರ್ಕ್ ಕನ್ವರ್ಟರ್, ಕೊಳ್ಳುವಾಗ ಎಲ್ಲರ ಮೊದಲ ಪ್ರಶ್ನೆ ಒಂದೇ: "ಎಷ್ಟು ಸ್ಟಾಲ್‌ದು ತಗೊಳ್ಳಲಿ ಅಣ್ಣ?" ಈ ಪ್ರಶ್ನೆಗೆ ನೇರ ಉತ್ತರ ಇಲ್ಲ. ಡಬ್ಬದ ಮೇಲೆ 4500 ಅಂತ ಬರೆದಿದ್ದರೆ ಅದು ಕನ್ವರ್ಟರ್ ಒಂದರ ಗುಣವಲ್ಲ, ಯಾವುದೋ ಒಂದು ಎಂಜಿನ್ ಹಿಂದೆ ಅದು ತೋರಿಸಿದ ಅಂಕಿ. ನಿಮ್ಮ ಎಂಜಿನ್ ಹಿಂದೆ ಅದೇ ಡಬ್ಬ ಬೇರೆ ಅಂಕಿ ತೋರಿಸುತ್ತದೆ.

ಒಳಗೆ ಇರುವುದು ಮೂರು ಚಕ್ರ. ಇಂಪೆಲ್ಲರ್ ಎಂಜಿನ್ ಜೊತೆ ತಿರುಗಿ ಎಣ್ಣೆ ಎಸೆಯುತ್ತದೆ. ಆ ಎಣ್ಣೆ ಹೊಡೆದ ರಭಸಕ್ಕೆ ಟರ್ಬೈನ್ ತಿರುಗಿ ಗೇರ್ ಬಾಕ್ಸನ್ನು ತಿರುಗಿಸುತ್ತದೆ. ನಡುವಿನ ಸ್ಟೇಟರ್ ವಾಪಸ್ ಬರುವ ಎಣ್ಣೆಯ ದಿಕ್ಕು ತಿರುಗಿಸಿ ಇಂಪೆಲ್ಲರ್‌ಗೆ ನೆರವಾಗುವ ಹಾಗೆ ಕಳಿಸುತ್ತದೆ. ಗಾಡಿ ನಿಂತಲ್ಲೇ ಇದ್ದು ಟರ್ಬೈನ್ ತಿರುಗದೆ ಇರುವಾಗ ಎಂಜಿನ್ ಎಷ್ಟು ಆರ್‌ಪಿಎಂವರೆಗೆ ಏರಬಲ್ಲದೋ ಅದು ಸ್ಟಾಲ್. ಆ ಹೊತ್ತಿನಲ್ಲಿ ಎಂಜಿನ್‌ನ ಟಾರ್ಕ್ (ತಿರುಗಿಸುವ ಬಲ) ಎರಡರಷ್ಟರ ಆಸುಪಾಸಿಗೆ ಹೆಚ್ಚಿ ಗೇರ್ ಬಾಕ್ಸ್ ಸೇರುತ್ತದೆ. ಟರ್ಬೈನ್ ವೇಗ ಇಂಪೆಲ್ಲರ್ ವೇಗದ ನೂರಕ್ಕೆ 85–90ಕ್ಕೆ ಬಂದಾಗ ಈ ಹೆಚ್ಚಳ ಮುಗಿಯುತ್ತದೆ, ಸ್ಟೇಟರ್ ಕೂಡ ಜೊತೆಗೆ ತಿರುಗಲು ಶುರುಮಾಡುತ್ತದೆ.

ಸ್ಟಾಲ್ ಆರ್‌ಪಿಎಂ ಟಾರ್ಕ್‌ನ ವರ್ಗಮೂಲದ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. 700 ನ್ಯೂಟನ್ ಮೀಟರ್ ಕೊಡುವ ವಿ8 ಹಿಂದೆ 4500 ತೋರಿಸಿದ ಕನ್ವರ್ಟರನ್ನು ತಂದು 400 ನ್ಯೂಟನ್ ಮೀಟರ್ ಎಂಜಿನ್‌ಗೆ ಹಾಕಿದರೆ 3400 ದಾಟುವುದಿಲ್ಲ. ಸೆಕೆಂಡ್‌ಹ್ಯಾಂಡ್ ಮಾಲು ತಂದವರು "ಕನ್ವರ್ಟರ್ ಹಾಳಾಗಿದೆ, ಮೇಲಕ್ಕೇ ಏರ್ತಿಲ್ಲ" ಅಂತ ಗೋಳಾಡುವುದು ಬಹುಪಾಲು ಈ ಲೆಕ್ಕ ಮಾಡದ್ದರಿಂದ. ಮಾಲು ಸರಿಯಾಗೇ ಇರುತ್ತದೆ. ಹಾಗಾಗಿ ಕೊಳ್ಳುವಾಗ ಕೇಳಬೇಕಾದದ್ದು ಕೆ ಫ್ಯಾಕ್ಟರ್: ಸ್ಟಾಲ್ ಆರ್‌ಪಿಎಂ ಅನ್ನು ಆ ಆರ್‌ಪಿಎಂನಲ್ಲಿ ಎಂಜಿನ್ ಕೊಡುವ ಟಾರ್ಕ್‌ನ ವರ್ಗಮೂಲದಿಂದ ಭಾಗಿಸಿದ ಅಂಕಿ. ಮಾರುವವರಿಗೆ ಅದು ಗೊತ್ತಿಲ್ಲದಿದ್ದರೆ "ಯಾವ ಎಂಜಿನ್ ಹಿಂದೆ, ಎಷ್ಟು ಟಾರ್ಕ್‌ಗೆ 4500 ಬಂತು" ಅಂತಾದರೂ ಕೇಳಿ. ಅದೂ ಗೊತ್ತಿಲ್ಲ ಅಂದರೆ ಆ ಮಾಲು ಬೇಡ.

ಕನ್ವರ್ಟರನ್ನು ಇಲ್ಲಿಗೆ ಬಿಟ್ಟು ಫಿನಿಶ್ ಲೈನ್‌ಗೆ ಹೋಗೋಣ. ಲೆಕ್ಕ ಶುರುವಾಗಬೇಕಾದದ್ದು ಅಲ್ಲಿಂದ, ಹಿಂದಕ್ಕೆ. ಲೆಕ್ಕಕ್ಕೆ ಒಂದು ಗಾಡಿ ಇಟ್ಟುಕೊಳ್ಳೋಣ: ರಿಯರ್ ವೀಲ್ ಡ್ರೈವ್, ಡ್ರೈವರ್ ಕೂತ ಮೇಲೆ 1400 ಕೆಜಿ. ಎಂಜಿನ್‌ಗೆ 6000 ಆರ್‌ಪಿಎಂನಲ್ಲಿ 300 ಎಚ್‌ಪಿ, 4200ರಲ್ಲಿ 400 ನ್ಯೂಟನ್ ಮೀಟರ್, ಶಿಫ್ಟ್ 6400ಕ್ಕೆ. ಎಚ್‌ಪಿಯನ್ನು ಕೆಜಿಯಿಂದ ಭಾಗಿಸಿ, ಘನಮೂಲ ತೆಗೆದು 289ರಿಂದ ಗುಣಿಸಿದರೆ 402 ಮೀಟರ್ ಕೊನೆಯ ವೇಗ ಗಂಟೆಗೆ ಕಿಲೋಮೀಟರ್‌ನಲ್ಲಿ ಸಿಗುತ್ತದೆ. ಈ ಗಾಡಿಗೆ 173. ಕೆಜಿಯನ್ನು ಎಚ್‌ಪಿಯಿಂದ ಭಾಗಿಸಿ, ಅದರ ಘನಮೂಲವನ್ನು 7.58ರಿಂದ ಗುಣಿಸಿದರೆ ಸಮಯ: 12.7 ಸೆಕೆಂಡಿನ ಆಸುಪಾಸು. ಸಮಯ ಟೈರ್ ಹಿಡಿತವನ್ನು ನಂಬಿಕೊಂಡಿರುವುದರಿಂದ ಹೆಚ್ಚುಕಡಿಮೆ ಆಗುತ್ತದೆ. ಕೊನೆಯ ವೇಗ ಅಷ್ಟಾಗಿ ಮೋಸ ಮಾಡುವುದಿಲ್ಲ.

ಇನ್ನು ಟೈರ್. ಬದಿಯಲ್ಲಿ ಬರೆದ ಸೈಜ್ ನಂಬಬೇಡಿ. ಓಟದ ದಿನ ಹಾಕುವಷ್ಟೇ ಗಾಳಿ ಹಾಕಿ, ಡ್ರೈವರನ್ನು ಕೂರಿಸಿ, ಟೈರ್‌ಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ನೇರವಾಗಿ ತಳ್ಳಿ ಮೂರು ಸುತ್ತು ಉರುಳಿಸಿ ಟೇಪ್ ಹಿಡಿಯಿರಿ. ಮೂರರಿಂದ ಭಾಗಿಸಿ. 26 ಇಂಚಿನ ಟೈರ್ ಒಂದು ಸುತ್ತಿಗೆ 2.07 ಮೀಟರ್ ಹೋಗುತ್ತದೆ ಅಂದುಕೊಳ್ಳೋಣ. 173 ಕಿಮೀ ವೇಗ ಅಂದರೆ ನಿಮಿಷಕ್ಕೆ 2883 ಮೀಟರ್, ಅಂದರೆ ಚಕ್ರ ನಿಮಿಷಕ್ಕೆ 1393 ಸುತ್ತು.

ಫಿನಿಶ್ ದಾಟುವಾಗ ಎಂಜಿನ್ ಪವರ್ ಪೀಕ್‌ಗಿಂತ 200–300 ಮೇಲಿರಬೇಕು. ಇಲ್ಲಿ ಅದು 6200 ಆಸುಪಾಸು. ಕನ್ವರ್ಟರ್ ಟಾಪ್ ಗೇರಿನಲ್ಲೂ ಪೂರ್ತಿ ಕಚ್ಚಿಕೊಳ್ಳುವುದಿಲ್ಲ, ನೂರಕ್ಕೆ 5 ಜಾರುತ್ತದೆ ಅಂತ ಇಟ್ಟುಕೊಂಡರೆ ಗೇರ್ ಬಾಕ್ಸಿಗೆ ಸಿಗುವುದು 5890. ಟಾಪ್ ಗೇರಿನ ರೇಶಿಯೊ 1 ಆದ್ದರಿಂದ ಹೊರಬರುವುದೂ ಅಷ್ಟೇ. ಅದನ್ನು 1393ರಿಂದ ಭಾಗಿಸಿದರೆ 4.23. ಹಿಂದಿನ ಆಕ್ಸಲ್‌ನಲ್ಲಿ ಬೇಕಾದ ರೇಶಿಯೊ ಇದು: ಪ್ರೊಪೆಲ್ಲರ್ ಶಾಫ್ಟ್ ಇಷ್ಟು ಸುತ್ತು ಹಾಕಿದರೆ ಚಕ್ರ ಒಂದು ಸುತ್ತು. ಅಂಗಡಿಯಲ್ಲಿ 4.23ರ ಕ್ರೌನ್ ಪಿನಿಯನ್ (ಆಕ್ಸಲ್‌ನಲ್ಲಿ ಆ ರೇಶಿಯೊ ಕೊಡುವ ಗೇರ್ ಜೋಡಿ) ಸಿಗುವುದಿಲ್ಲ. ಸುತ್ತಮುತ್ತ ಇರುವುದು 37–9 ಹಲ್ಲಿನ 4.11 ಮತ್ತು 43–10 ಹಲ್ಲಿನ 4.30. 4.11 ಹಾಕಿದರೆ ಫಿನಿಶ್‌ನಲ್ಲಿ 6030, 4.30 ಹಾಕಿದರೆ 6300. 41–9 ಹಲ್ಲಿನ 4.56 ಹಾಕಿದರೆ 6690, ಅಂದರೆ ಗೆರೆ ದಾಟುವ ಮೊದಲೇ ಎಂಜಿನ್ ಉಸಿರು ಬಿಡುತ್ತದೆ. "ಪಿಕಪ್ ಜಾಸ್ತಿ ಬರುತ್ತೆ" ಅಂತ 4.56 ಕೊಡಿಸುವವರು ಬಹಳ. ಬರುವುದೇನೋ ನಿಜ, ಮೊದಲ 100 ಮೀಟರ್‌ಗೆ. ಈ ಗಾಡಿಗೆ 4.30 ಸರಿ.

ಹಳೇ ಆಕ್ಸಲ್ ತಂದಿದ್ದರೆ ಅದರ ರೇಶಿಯೊ ಎಷ್ಟು ಅಂತ ಮಾರಿದವರ ಬಾಯಿಮಾತು ನೆಚ್ಚಬೇಡಿ. ಮಾಮೂಲಿ ಡಿಫರೆನ್ಷಿಯಲ್ ಆದರೆ ಗೇರ್ ನ್ಯೂಟ್ರಲ್‌ಗೆ ಹಾಕಿ, ಒಂದು ಹಿಂಚಕ್ರ ಮಾತ್ರ ಜಾಕಿ ಮೇಲೆತ್ತಿ, ಇನ್ನೊಂದು ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಹಾಕಿತೋ ಅದೇ ರೇಶಿಯೊ. ಹೊಸ ಕ್ರೌನ್ ಪಿನಿಯನ್ ಕೂರಿಸುವುದು ಬ್ಯಾಕ್‌ಲ್ಯಾಶ್ (ಹಲ್ಲುಗಳ ನಡುವಿನ ಸಡಿಲ), ಪ್ರೀಲೋಡ್ (ಬೇರಿಂಗಿನ ಬಿಗಿ) ಹೊಂದಿಸಿ, ಪ್ರಷ್ಯನ್ ಬ್ಲೂ ಬಣ್ಣ ಹಚ್ಚಿ ಹಲ್ಲಿನ ಗುರುತು ನೋಡುವ ಕೆಲಸ. ಹೊಸೂರಿನ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದಲ್ಲಿ ಡಯಲ್ ಗೇಜ್ ಹಿಡಿದು ಬದುಕು ಕಟ್ಟಿಕೊಂಡವರು ಊರು ತುಂಬ ಇದ್ದಾರೆ, ಅವರ ಕೈಗೆ ಕೊಡಿ. ಕೂರಿಸಿದ ಮೇಲೆ ಮೆಲ್ಲಗೆ 25–30 ಕಿಮೀ ದೂರ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ಮಾತ್ರ ಜೋರು.

ಓಟ 402 ಮೀಟರ್ ಬದಲು 200 ಮೀಟರ್ ಆದರೆ ಲೆಕ್ಕವೇ ಬೇರೆ. ಅಲ್ಲಿ ಕೊನೆಯ ವೇಗ ಸುಮಾರು 138. ಟಾಪ್ ಗೇರಿನಲ್ಲಿ ಮುಗಿಸಬೇಕಾದರೆ 5.3ರ ರೇಶಿಯೊ ಬೇಕು. ಟಾಪ್ ಮುಟ್ಟದೆ ಸೆಕೆಂಡ್ ಗೇರಿನಲ್ಲೇ (ರೇಶಿಯೊ 1.48) ಮುಗಿಸಿದರೆ 3.6 ಸಾಕು, ಒಂದು ಶಿಫ್ಟ್ ಉಳಿಯಿತು. ಎರಡನೆಯದೇ ಒಳ್ಳೆಯದು.

ಈಗ ಫಸ್ಟ್ ಗೇರ್. ಡ್ರ್ಯಾಗ್‌ನಲ್ಲಿ ಹೆಸರಾದ ಟರ್ಬೊ 400 (ಹೆಸರಷ್ಟೇ, ಟರ್ಬೊ ಎಂಜಿನ್‌ಗೂ ಇದಕ್ಕೂ ಸಂಬಂಧವಿಲ್ಲ) ಗೇರ್ ಬಾಕ್ಸಿನ ರೇಶಿಯೊ 2.48, 1.48, 1. ಎರಡೇ ಗೇರಿನ ಪವರ್‌ಗ್ಲೈಡ್‌ನದ್ದು 1.76 (ಕೆಲವದರಲ್ಲಿ 1.82), 1. ನಮ್ಮ ಗಾಡಿಗೆ ಟರ್ಬೊ 400 ಹಾಕಿದರೆ ಫಸ್ಟ್‌ನಲ್ಲಿ ಒಟ್ಟು 10.66. ಎಂಜಿನ್ 4600ರಲ್ಲಿ ಕೊಡುವ 395 ನ್ಯೂಟನ್ ಮೀಟರ್ ಕನ್ವರ್ಟರಿನಲ್ಲಿ ಎರಡರಷ್ಟಾಗಿ, ಘರ್ಷಣೆಗೆ ನೂರಕ್ಕೆ 15 ಕಳೆದು, 33 ಸೆಂಟಿಮೀಟರ್ ಟೈರ್ ತ್ರಿಜ್ಯದಲ್ಲಿ ನೆಲ ಮುಟ್ಟುವ ಹೊತ್ತಿಗೆ 2200 ಕೆಜಿ ಬಲದ ತಳ್ಳುವಿಕೆ. ಟೈರ್ ಅದರಲ್ಲಿ ಎಷ್ಟು ತಾಳುತ್ತದೆ? ಗಾಡಿ ಚಿಮ್ಮುವಾಗ ಹಿಂಚಕ್ರಗಳ ಮೇಲೆ ಸುಮಾರು 900 ಕೆಜಿ ಭಾರ. ಅಂಟು ಬಳಿಯದ ಮಾಮೂಲಿ ಡಾಂಬರಿನ ಮೇಲೆ ಮೃದು ಸೆಮಿ ಸ್ಲಿಕ್ (ಗೀರು ಕಡಿಮೆ ಇರುವ ರೇಸ್ ಟೈರ್) ಹಾಕಿದರೂ ಹಿಡಿತ 1000 ಕೆಜಿ ಬಲದ ಹತ್ತಿರ. ಅರ್ಧಕ್ಕಿಂತ ಹೆಚ್ಚು ಹೊಗೆಯಾಗಿ ಹೋಗುತ್ತದೆ. ಪವರ್‌ಗ್ಲೈಡ್ ಹಾಕಿದರೂ 1570 ಬರುತ್ತದೆ, ಅದೂ ಜಾಸ್ತಿಯೇ.

ಅಂದರೆ ನಮ್ಮ ಟ್ರ್ಯಾಕ್‌ಗಳ ಮೇಲೆ ಫಸ್ಟ್ ಗೇರಿನ ಬಲ ಕೊರತೆಯ ವಿಷಯವೇ ಅಲ್ಲ. ಟಾರ್ಕನ್ನು 2.2ರಷ್ಟು ಹೆಚ್ಚಿಸುವ ಸ್ಟೇಟರ್‌ಗೆ ದುಡ್ಡು ಸುರಿಯುವುದು ಮೂಗಿಗಿಂತ ಮೂಗುತಿ ಭಾರ ಆದ ಹಾಗೆ. 1.7–1.8 ಕೊಟ್ಟು ಮೇಲ್ಗಡೆ ಕಡಿಮೆ ಜಾರುವ ಸ್ಟೇಟರ್ ಕೇಳಿ. ಬುಡದಲ್ಲಿ ಬಿಟ್ಟುಕೊಟ್ಟದ್ದು ಹೇಗೂ ಟೈರ್ ನುಂಗುತ್ತಿದ್ದ ಬಲ, ತುದಿಯಲ್ಲಿ ಸಿಗುವುದು ಅಪ್ಪಟ ವೇಗ. ಹಾಗಾದರೆ ಪವರ್‌ಗ್ಲೈಡೇ ಹಾಕಬಹುದಲ್ಲ ಅಂದರೆ, ದೊಡ್ಡ ಎಂಜಿನ್‌ಗೆ ಹೌದು. ಹಗುರ, ಒಂದೇ ಶಿಫ್ಟ್. ಆದರೆ 6400ರಲ್ಲಿ ಶಿಫ್ಟ್ ಮಾಡಿದರೆ 1.76ರಿಂದ 1ಕ್ಕೆ ಬೀಳುವಾಗ ಗೇರಿನ ಲೆಕ್ಕದಲ್ಲಿ ಎಂಜಿನ್ 3640ಕ್ಕೆ ಇಳಿಯಬೇಕು. ಟರ್ಬೊ 400ರಲ್ಲಿ ಮೊದಲ ಶಿಫ್ಟ್‌ಗೆ 3820, ಎರಡನೆಯದಕ್ಕೆ 4320. ವಾಸ್ತವದಲ್ಲಿ ಕನ್ವರ್ಟರ್ ಜಾರಿ ಎಂಜಿನ್ನನ್ನು ಅದಕ್ಕಿಂತ ಮೇಲೆ ಹಿಡಿಯುತ್ತದೆ, ಆದರೆ ಬಿದ್ದ ಆಳ ಹೆಚ್ಚಿದಷ್ಟೂ ಜಾರುವುದೂ ಹೆಚ್ಚು, ಬಿಸಿಯೂ ಹೆಚ್ಚು. 500 ನ್ಯೂಟನ್ ಮೀಟರ್ ಒಳಗಿನ ಎಂಜಿನ್‌ಗೆ ಮೂರು ಗೇರೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಸ್ಟಾಲ್ ಅಂಕಿ ತೀರ್ಮಾನ ಆಗಬೇಕಾದದ್ದು ಈಗ. ಟಾರ್ಕ್ ಪೀಕ್ 4200, ಪವರ್ ಪೀಕ್ 6000. ಗಾಡಿ ಬಿಟ್ಟ ಕ್ಷಣ ಎಂಜಿನ್ ಹಾರುವ ಆರ್‌ಪಿಎಂ, ಅಂದರೆ ಫ್ಲ್ಯಾಶ್ ಸ್ಟಾಲ್, ಟಾರ್ಕ್ ಪೀಕ್‌ಗಿಂತ 300–500 ಮೇಲೆ ಇರಲಿ: 4600. ಹೀಗಿದ್ದರೆ ಪ್ರತಿ ಶಿಫ್ಟ್ ಆದಮೇಲೂ ಎಂಜಿನ್ ಟಾರ್ಕ್ ಪೀಕ್‌ನ ಕೆಳಗೆ ಬೀಳುವುದಿಲ್ಲ. 4600ರಲ್ಲಿ ಟಾರ್ಕ್ 395, ಅದರ ವರ್ಗಮೂಲ 19.9, ಕೆ ಫ್ಯಾಕ್ಟರ್ 231. ಕೇಳಬೇಕಾದದ್ದು ಈ ಅಂಕಿ. ಬ್ರೇಕ್ ಒತ್ತಿ ಪರೀಕ್ಷಿಸಿದಾಗ ಸಿಗುವ ಅಂಕಿ ಇದಕ್ಕಿಂತ ಕಡಿಮೆ ಇರುತ್ತದೆ, ಯಾಕೆಂದರೆ ಅಷ್ಟು ಏರುವ ಮೊದಲೇ ಹಿಂಚಕ್ರಗಳು ಬ್ರೇಕನ್ನೂ ಮೀರಿ ತಿರುಗಿಬಿಡುತ್ತವೆ. ಫಸ್ಟ್ ಮತ್ತು ರಿವರ್ಸ್ ಎರಡನ್ನೂ ಒಟ್ಟಿಗೆ ಹಿಡಿಯುವ ಟ್ರಾನ್ಸ್‌ಬ್ರೇಕ್ ಇದ್ದರೆ ಮಾತ್ರ ನಿಜವಾದ ಸ್ಟಾಲ್ ಗೊತ್ತಾಗುತ್ತದೆ. ಫ್ಲ್ಯಾಶ್, ಬ್ರೇಕ್, ಟ್ರಾನ್ಸ್‌ಬ್ರೇಕ್ ಈ ಮೂರೂ ಅಂಕಿಗಳನ್ನು ಕಲಸಿಕೊಂಡು ಮಾತಾಡುವುದೇ ಅರ್ಧ ಜಗಳಕ್ಕೆ ಮೂಲ.

ಕನ್ವರ್ಟರ್ ಹೊರುವ ಟಾರ್ಕ್ ಅದರ ವ್ಯಾಸದ ಐದನೇ ಘಾತದ ಲೆಕ್ಕದಲ್ಲಿ ಬದಲಾಗುತ್ತದೆ. ಒಳಗಿನ ರೆಕ್ಕೆಗಳ ವಿನ್ಯಾಸ ಒಂದೇ ಇದ್ದು, 10 ಇಂಚಿನದು 3500 ಸ್ಟಾಲ್ ಕೊಟ್ಟರೆ 9 ಇಂಚಿನದು 4550 ಕೊಡುತ್ತದೆ. ಒಂದೇ ಇಂಚಿಗೆ ಸಾವಿರ ಆರ್‌ಪಿಎಂ! ಅದಕ್ಕೇ ದೊಡ್ಡ ಬದಲಾವಣೆಯನ್ನು ವ್ಯಾಸದಲ್ಲಿ, ಸಣ್ಣದನ್ನು ಸ್ಟೇಟರ್ ಮತ್ತು ರೆಕ್ಕೆಯ ಕೋನದಲ್ಲಿ ಮಾಡುತ್ತಾರೆ.

ಹೊಸೂರಿನವರಿಗೆ ಇನ್ನೊಂದು ಲೆಕ್ಕವಿದೆ. ನಾವಿರುವುದು ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 900 ಮೀಟರ್ ಮೇಲೆ. ಗಾಡಿ ಓಡಿಸಲು ಹೋಗುವುದು ಶ್ರೀಪೆರಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ, ಸಮುದ್ರಮಟ್ಟದ ಸಮೀಪಕ್ಕೆ. ಇಲ್ಲಿ ಗಾಳಿಯ ಒತ್ತಡ ಅಲ್ಲಿಗಿಂತ ನೂರಕ್ಕೆ 10ರಷ್ಟು ಕಡಿಮೆ. ಆದರೆ ಅಲ್ಲಿ ಬಿಸಿಲು 10 ಡಿಗ್ರಿ ಜಾಸ್ತಿ ಇದ್ದರೆ ಅದರಲ್ಲಿ ನೂರಕ್ಕೆ 3 ವಾಪಸ್ ಹೋಗುತ್ತದೆ. ಉಳಿದ ವ್ಯತ್ಯಾಸ 7. ಟರ್ಬೊ ಇಲ್ಲದ ಎಂಜಿನ್ ಇಲ್ಲಿ ಅಷ್ಟು ಕಡಿಮೆ ಟಾರ್ಕ್ ಕೊಡುತ್ತದೆ. ಅಲ್ಲಿ 4600 ಆಗುವ ಸ್ಟಾಲ್ ಇಲ್ಲಿ 4440ರ ಹತ್ತಿರ ನಿಲ್ಲುತ್ತದೆ. ಇಲ್ಲಿ 4600 ಬರುವ ಹಾಗೆ ಕೆ ಫ್ಯಾಕ್ಟರ್ ಏರಿಸಿಕೊಂಡರೆ ಅಲ್ಲಿ 4770 ಆಗಿ ಕನ್ವರ್ಟರ್ ಸಡಿಲವಾಗಿ ಜಾರುತ್ತದೆ. ಕೊನೆಯ ವೇಗವೂ ಹಾಗೆಯೇ: ಅಲ್ಲಿನ 173 ಇಲ್ಲಿ 169, ಫಿನಿಶ್ ಆರ್‌ಪಿಎಂ 6300ರ ಬದಲು 6150. "6150 ಬರ್ತಿದೆ, ಇನ್ನೊಂದು ಹಲ್ಲು ಜಾಸ್ತಿ ಹಾಕೋಣ" ಅಂತ ಇಲ್ಲೇ ಕ್ರೌನ್ ಪಿನಿಯನ್ ಬದಲಿಸಿದವರು ಅಲ್ಲಿ ಹೋಗಿ ಲಿಮಿಟರ್ (ಎಂಜಿನ್ ಆರ್‌ಪಿಎಂ ಮಿತಿ ಮೀರದಂತೆ ತಡೆಯುವ ಸಾಧನ) ಬಡಿಯುತ್ತಾರೆ. ಗಾಡಿ ಎಲ್ಲಿ ಓಡಬೇಕೋ ಅಲ್ಲಿನ ಗಾಳಿಗೆ ಲೆಕ್ಕ ಹಾಕಿ, ಇಲ್ಲಿ ಸ್ವಲ್ಪ ಮಂಕಾಗಿದ್ದರೆ ಇರಲಿ ಬಿಡಿ. ಟರ್ಬೊ ಎಂಜಿನ್‌ಗೆ ಈ ವ್ಯತ್ಯಾಸ ಬಹಳ ಕಡಿಮೆ, ಆದರೆ ಟರ್ಬೊ ಎದ್ದೇಳುವ ಮೊದಲಿನ ಟಾರ್ಕ್ ಮತ್ತು ಎದ್ದ ಮೇಲಿನ ಟಾರ್ಕ್ ಎರಡನ್ನೂ ಕನ್ವರ್ಟರ್ ಕಟ್ಟುವವನಿಗೆ ಬರೆದು ಕೊಡಬೇಕು. (ಇಲ್ಲೇ ಪರೀಕ್ಷೆ ಮಾಡ್ತೀವಿ ಅಂತ ರಾತ್ರಿ ಹೆದ್ದಾರಿ 44ಕ್ಕೆ ಇಳಿಯುವವರಿಗೆ: ರಸ್ತೆಯಲ್ಲಿ ರೇಸ್ ಓಡಿಸುವವರನ್ನು ಶಿಕ್ಷಿಸುವ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಇರುವುದು ನಿಮಗಾಗಿಯೇ. ಅದಕ್ಕಿಂತ ಹೆಚ್ಚಾಗಿ, ಸೂಳಗಿರಿ ಕಡೆಯಿಂದ ಟೊಮೆಟೊ ತುಂಬಿಕೊಂಡು ಬರುವ ಲಾರಿಯವನಿಗೆ ನಿಮ್ಮ ಫ್ಲ್ಯಾಶ್ ಸ್ಟಾಲ್ ಗೊತ್ತಿರುವುದಿಲ್ಲ.)

ಮುಂಚಕ್ರ ಎಳೆಯುವ ಗಾಡಿಯವರಿಗೆ ಎರಡೇ ಮಾತು. ಚಿಮ್ಮುವಾಗ ಭಾರ ಹಿಂದಕ್ಕೆ ಹೋಗುವುದರಿಂದ ಹಿಡಿತ ಇನ್ನೂ ಕಡಿಮೆ, ಸ್ಟಾಲ್ ಅತಿಯಾಗಿ ಏರಿಸಬೇಡಿ. ಫೈನಲ್ ಡ್ರೈವ್ ಗೇರ್ ಸಿಗದಿದ್ದರೆ ಟೈರಿನ ಎತ್ತರದಲ್ಲೇ ರೇಶಿಯೊ ಹೊಂದಿಸಿಕೊಳ್ಳಬೇಕು. ಡಿಎಸ್‌ಜಿ, ಎಎಂಟಿ ಗಾಡಿಗಳಲ್ಲಿ ಟಾರ್ಕ್ ಕನ್ವರ್ಟರೇ ಇಲ್ಲ, ಅವರು ಇಷ್ಟು ಓದಿದ್ದೇ ದಂಡ.

ಹಾಳಾಗುವುದು ಹೇಗೆ ಅಂತ ನೋಡೋಣ. ಮೊದಲ ಶತ್ರು ಬಿಸಿ. ಸ್ಟಾಲ್‌ನಲ್ಲಿ ನಿಂತಾಗ ಚಕ್ರಕ್ಕೆ ಒಂದು ಚೂರೂ ಕೆಲಸ ಹೋಗುವುದಿಲ್ಲ, ಎಂಜಿನ್ ಕೊಡುವ ಶಕ್ತಿಯೆಲ್ಲ ಎಣ್ಣೆ ಕಾಯಿಸುತ್ತದೆ. 4600ರಲ್ಲಿ 395 ನ್ಯೂಟನ್ ಮೀಟರ್ ಅಂದರೆ 190 ಕಿಲೋವ್ಯಾಟ್. 5 ಲೀಟರ್ ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ) ಅದನ್ನು ಕುಡಿದರೆ ಸೆಕೆಂಡಿಗೆ 20 ಡಿಗ್ರಿಗೂ ಹೆಚ್ಚು ಏರುತ್ತದೆ. 80ರಲ್ಲಿದ್ದ ಎಣ್ಣೆ ಮೂರೇ ಸೆಕೆಂಡಿಗೆ 140. ಟ್ರಾನ್ಸ್‌ಬ್ರೇಕ್ ಒತ್ತಿ ಎದುರಾಳಿಗೆ ಕಾಯುತ್ತಾ ನಿಲ್ಲುವ ಶೋಕಿ ಬೇಡ. ಎಣ್ಣೆ 80–90 ಡಿಗ್ರಿಯಲ್ಲಿ ಲೈನ್‌ಗೆ ಬರಲಿ. 120 ದಾಟಿದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ, 150ರಲ್ಲಿ ಸೀಲ್‌ಗಳು ಗಟ್ಟಿಯಾಗಿ ಸೋರತೊಡಗುತ್ತವೆ. ರೇಡಿಯೇಟರ್ ಒಳಗಿನ ಕೂಲರ್ ಮಾತ್ರ ನೆಚ್ಚದೆ ಫ್ಯಾನ್ ಇರುವ ಪ್ರತ್ಯೇಕ ಕೂಲರ್ ಹಾಕಿ. ಬಿಸಿಯ ಗೇಜನ್ನು ಕನ್ವರ್ಟರಿನಿಂದ ಹೊರಬರುವ ಪೈಪಿಗೆ ಕೊಡಿ. ಪ್ಯಾನ್‌ನಲ್ಲಿ ಇಟ್ಟರೆ ಸುದ್ದಿ ತಡವಾಗಿ ತಲುಪುತ್ತದೆ.

ಎರಡನೆಯದು ಉಬ್ಬುವಿಕೆ. ಮೇಲಿನ ಆರ್‌ಪಿಎಂನಲ್ಲಿ ಒಳಗಿನ ಒತ್ತಡಕ್ಕೆ ತೆಳು ಡಬ್ಬ ಉಬ್ಬಿ ಕ್ರ್ಯಾಂಕನ್ನು ಮುಂದಕ್ಕೆ ತಳ್ಳುತ್ತದೆ. ತಿನ್ನುವುದು ಥ್ರಸ್ಟ್ ಬೇರಿಂಗ್, ಗುಮಾನಿ ಬರುವುದು ಎಂಜಿನ್ ಕಟ್ಟಿದವನ ಮೇಲೆ. ಡ್ರ್ಯಾಗ್ ಕನ್ವರ್ಟರ್‌ಗೆ ಉಬ್ಬು ತಡೆಯುವ ಪ್ಲೇಟು, ರೆಕ್ಕೆಗಳಿಗೆ ಫರ್ನೇಸ್ ಬ್ರೇಜಿಂಗ್, ಉಕ್ಕಿನ ಸ್ಟೇಟರ್, ವಾಷರ್ ಬದಲು ಸೂಜಿ ಬೇರಿಂಗ್ ಇರಬೇಕು. ಲೇತ್ ಮೇಲೆ ಹಳೇ ಡಬ್ಬ ಕೊಯ್ದು, ರೆಕ್ಕೆ ಬಗ್ಗಿಸಿ, ಮತ್ತೆ ಬೆಸುಗೆ ಹಾಕಿಕೊಡುವವರು ಇದ್ದಾರೆ. ಕೈಕೆಲಸ ಚೆನ್ನಾಗಿಯೇ ಇರಬಹುದು. ಆದರೆ ಬೆಸೆದ ಮೇಲೆ ಹಬ್‌ನ ರನ್‌ಔಟ್ (ತಿರುಗುವಾಗಿನ ಓಲಾಟ) ಡಯಲ್ ಗೇಜಿನಲ್ಲಿ ನೋಡಿ, ಸೋರಿಕೆ ಪರೀಕ್ಷಿಸಿ, ತೂಕ ಬ್ಯಾಲೆನ್ಸ್ ಮಾಡಿರದಿದ್ದರೆ 6400ರಲ್ಲಿ ನಿಮ್ಮ ಕಾಲಿನ ಪಕ್ಕದಲ್ಲೇ ತಿರುಗುವ ವಸ್ತು ಅದು. ಬೆಲ್ ಹೌಸಿಂಗ್‌ಗೆ (ಕನ್ವರ್ಟರನ್ನು ಮುಚ್ಚುವ ಗಂಟೆಯಾಕಾರದ ಹೊದಿಕೆ) ರಕ್ಷಣಾ ಕವಚ, ರೇಸಿಂಗ್‌ಗೆ ಆಗುವಂಥ ಫ್ಲೆಕ್ಸ್‌ಪ್ಲೇಟ್ (ಕ್ರ್ಯಾಂಕಿಗೆ ಕನ್ವರ್ಟರನ್ನು ಜೋಡಿಸುವ ತಟ್ಟೆ), ಇವೆರಡರಲ್ಲಿ ಚೌಕಾಸಿ ಬೇಡ.

ಸ್ಟೇಟರಿನ ಒನ್ ವೇ ಕ್ಲಚ್ ಎರಡು ಥರ ಕೈಕೊಡುತ್ತದೆ. ಹಿಡಿಯದೆ ಎರಡೂ ಕಡೆ ತಿರುಗಿದರೆ ಸ್ಟಾಲ್ ದಿಢೀರನೆ ಬಿದ್ದು ಗಾಡಿ ಜಾಗ ಬಿಟ್ಟು ಏಳುವುದೇ ಇಲ್ಲ, ಆದರೆ ವೇಗ ಹಿಡಿದ ಮೇಲೆ ಸರಿ ಓಡುತ್ತದೆ. ಬಿಗಿದು ನಿಂತುಬಿಟ್ಟರೆ ತಿರುಗಾಮುರುಗಾ: ಚಿಮ್ಮುವಿಕೆ ಚೆನ್ನ, ಮೇಲಿನ ವೇಗದಲ್ಲಿ ಮಂಕು, ಎಣ್ಣೆ ಕುದಿತ. ಎಂಜಿನ್ ಬಿಚ್ಚುವ ಮೊದಲು ಇದನ್ನು ನೋಡಿ.

ಕೂರಿಸುವಾಗ ಆಗುವ ಅನಾಹುತ ಒಂದೇ, ಆದರೆ ದುಬಾರಿ. ಮೊದಲು ಕನ್ವರ್ಟರ್ ಒಳಗೆ ಸುಮಾರು ಒಂದು ಲೀಟರ್ ಎಟಿಎಫ್ ಹಾಕಿ, ಹಬ್‌ಗೆ ಎಣ್ಣೆ ಸವರಿ. ಗೇರ್ ಬಾಕ್ಸಿನ ಮೂತಿ ಸ್ವಲ್ಪ ಮೇಲಕ್ಕಿರಲಿ. ಕನ್ವರ್ಟರನ್ನು ಒಳಗೆ ತಳ್ಳುತ್ತಾ ನಿಧಾನ ತಿರುಗಿಸಿ. ಮೊದಲು ಸ್ಟೇಟರ್‌ನ ಹಲ್ಲು, ಆಮೇಲೆ ಇನ್‌ಪುಟ್ ಶಾಫ್ಟ್‌ನ ಹಲ್ಲು, ಕೊನೆಗೆ ಪಂಪ್‌ನ ಎರಡು ಕಿವಿ. ಪ್ರತಿ ಸಲ ಟಕ್ ಅಂತ ಕೂತು ಒಂದಿಷ್ಟು ಒಳಗೆ ಹೋಗುವುದು ಕೈಗೆ ಗೊತ್ತಾಗುತ್ತದೆ. ಮೂರನೆಯದು ಕೂರದೆ ಬೆಲ್ ಹೌಸಿಂಗ್ ಬೋಲ್ಟ್ ಬಿಗಿದು ಎಳೆದರೆ ಪಂಪ್ ಒಡೆಯುತ್ತದೆ. ಬೋಲ್ಟ್ ಸುಮ್ಮನೆ ಕೈಯಲ್ಲೇ ಬಿಗಿದು ಬೆಲ್ ಹೌಸಿಂಗ್ ಎಂಜಿನ್‌ಗೆ ಪೂರ್ತಿ ಕೂತ ಮೇಲೆ ಕನ್ವರ್ಟರ್ ಕೈಯಿಂದ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟ್ ಮುಟ್ಟಲು 3ರಿಂದ 5 ಮಿಲಿಮೀಟರ್ ಮುಂದಕ್ಕೆ ಬರಬೇಕು. ಅಂತರವೇ ಇಲ್ಲದಿದ್ದರೆ ಬಿಚ್ಚಿ ಮತ್ತೆ ಕೂರಿಸಿ. 5ಕ್ಕಿಂತ ಹೆಚ್ಚಿದ್ದರೆ ಎಲ್ಲ ಬೋಲ್ಟಿಗೂ ಒಂದೇ ದಪ್ಪದ ವಾಷರ್ ಕೊಡಿ.

ಓಡಿಸಿದ ಮೇಲೆ ಎಂಜಿನ್ ಆರ್‌ಪಿಎಂ ಮತ್ತು ಪ್ರೊಪೆಲ್ಲರ್ ಶಾಫ್ಟ್ ಆರ್‌ಪಿಎಂ ಎರಡನ್ನೂ ಲಾಗರ್‌ನಲ್ಲಿ (ಓಟದ ಅಂಕಿಗಳನ್ನು ದಾಖಲಿಸುವ ಯಂತ್ರ) ಹಿಡಿಯಿರಿ. ಜಿಪಿಎಸ್ ವೇಗದಿಂದ ಲೆಕ್ಕ ಹಾಕಿದರೂ ನಡೆಯುತ್ತದೆ, ಟೈರ್ ಉಬ್ಬುವುದರಿಂದ ತುಸು ತಪ್ಪು ಸೇರಿಕೊಳ್ಳುತ್ತದೆ ಅಷ್ಟೇ. ಫಿನಿಶ್‌ನಲ್ಲಿ ಜಾರುವಿಕೆ ನೂರಕ್ಕೆ 4ರಿಂದ 7 ಇದ್ದರೆ ಕನ್ವರ್ಟರ್ ಸರಿ ಇದೆ. 10 ದಾಟಿದರೆ ಸಡಿಲ: ಶಿಫ್ಟ್ ಆದಮೇಲೂ ಎಂಜಿನ್ ಸದ್ದು ಬೀಳುವುದೇ ಇಲ್ಲ, ಕೇಳಲು ಭರ್ಜರಿ, ಕೊನೆಯ ವೇಗ ಮಾತ್ರ ಲೆಕ್ಕಕ್ಕಿಂತ ಕಡಿಮೆ. 3ರ ಕೆಳಗಿದ್ದು ಶಿಫ್ಟ್ ಆದಾಗ ಎಂಜಿನ್ 4000ಕ್ಕಿಂತ ಕೆಳಗೆ ಬಿದ್ದು ತಿಣುಕಿದರೆ ಬಿಗಿ. ಮೊದಲ 18 ಮೀಟರ್‌ನ ಸಮಯ ಮಾತ್ರ ಕೆಟ್ಟು ಉಳಿದದ್ದೆಲ್ಲ ಲೆಕ್ಕದಂತೆ ಇದ್ದರೆ ಕನ್ವರ್ಟರ್ ಮುಟ್ಟಬೇಡಿ. ಹಿಂದಿನ ಟೈರಿನ ಗಾಳಿ ಒಂದೊಂದೇ ಪೌಂಡ್ ಇಳಿಸುತ್ತಾ, ಟ್ರಾನ್ಸ್‌ಬ್ರೇಕ್ ಮೇಲೆ ಹಿಡಿಯುವ ಆರ್‌ಪಿಎಂ 3500ರಿಂದ 3000ಕ್ಕೆ ತಂದು ನೋಡಿ. ಅಷ್ಟಾದರೂ ಸರಿಹೋಗದಿದ್ದರೆ ಲಾಗ್, ಗಾಡಿಯ ತೂಕ, ಟೈರಿನ ಸುತ್ತಳತೆ, ಗೇರ್ ರೇಶಿಯೊ ಮತ್ತು 3000ರಿಂದ 6500ರವರೆಗಿನ ಡೈನೊ (ಎಂಜಿನ್ ಬಲ ಅಳೆಯುವ ಯಂತ್ರ) ಕೊಟ್ಟ ಟಾರ್ಕ್ ಹಾಳೆ ಐದನ್ನೂ ಒಟ್ಟಿಗೆ ಕನ್ವರ್ಟರ್ ಕಟ್ಟುವವನಿಗೆ ಕಳಿಸಿ. ಅಷ್ಟನ್ನೂ ಕೇಳದೆ "4500 ಕಳಿಸ್ತೀನಿ ಸಾರ್" ಅನ್ನುವವನ ಹತ್ತಿರ ಅಡ್ವಾನ್ಸ್ ಕೊಡಬೇಡಿ.